‘ನಗರರಾಜ್ಯ’: ಇದರಲ್ಲಿ ನಗರ ಎಷ್ಟು, ರಾಜ್ಯ ಎಷ್ಟು?

ಗೆಳೆಯರೇ,

ಒಂದು ಅನುವಾದ ಮಾಡುತ್ತಾ ‘ನಗರರಾಜ್ಯ’ (ಇಂಗ್ಲಿಷಿನ city-state) ಪದದ ಹತ್ತಿರ ಬಂದು ನಿಂತಿದ್ದೇನೆ. ಹೊಸ ಪದವೇನಲ್ಲ, ಅಥೆನ್ಸ್, ಸ್ಪಾರ್ಟಾ ಅಂದ ಕೂಡಲೇ ಬಾಯಿಗೆ ಬರುತ್ತದೆ. ಅದನ್ನೇ ಸಿಂಗಪುರಕ್ಕೂ ಬರೆದಾಗ ಯಾಕೋ ಸರಿಹೋಗಲಿಲ್ಲ. ಆಮೇಲೆ ನೋಡಿದರೆ ಅಥೆನ್ಸಿಗೂ ಸರಿಹೋಗುತ್ತಿಲ್ಲ!

ನಾವು ನಗರರಾಜ್ಯ ಅನ್ನುವ ಹಳೆಯ ಗ್ರೀಕರ ‘ಪೊಲಿಸ್’ (ಪಾಲಿಟಿಕ್ಸ್, ಪೊಲೀಸ್ ಎರಡಕ್ಕೂ ಇದೇ ಬೇರು) ಬರೀ ಪೇಟೆಯಲ್ಲ. ಅಥೆನ್ಸ್ ಅಂದರೆ ಸುತ್ತಲಿನ ಅಟಿಕಾ ಪೂರ್ತಿ, ಸುಮಾರು 2,500 ಚದರ ಕಿ.ಮೀ. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ಜೊತೆ ಯುದ್ಧ ನಡೆದ ಮ್ಯಾರಥಾನ್ ಪೇಟೆಯಿಂದ ಸುಮಾರು 40 ಕಿ.ಮೀ. ದೂರ, ಆದರೂ ಅಲ್ಲಿ ಹೊಲ ಉಳುತ್ತಿದ್ದ ಗಂಡಸು ಅಥೆನ್ಸಿನವನೇ, ಸಭೆಗೆ ನಡೆದು ಬಂದರೆ ಅವನಿಗೂ ಮತ ಇತ್ತು. (ಹೆಂಗಸರಿಗೆ, ಗುಲಾಮರಿಗೆ ಇರಲಿಲ್ಲ.) ಒಪ್ಪಂದಗಳಲ್ಲೂ ಅವರು ‘ಅಥೆನ್ಸ್’ ಅಂತ ಬರೆಯುತ್ತಿರಲಿಲ್ಲ, ‘ಅಥೆನ್ಸಿನವರು’ ಅಂತಲೇ ಬರೆಯುತ್ತಿದ್ದರು. ನನಗೆ ಇದು ನಮ್ಮ ‘ಊರು’ ಪದಕ್ಕೆ ಜಾಸ್ತಿ ಹತ್ತಿರ ಅನ್ನಿಸುತ್ತದೆ. ‘ಊರಿಗೆ ಊರೇ ಸೇರಿತ್ತು’ ಅಂದಾಗ ಸೇರುವುದು ಜನ, ಮನೆಗಳಲ್ಲ, ಅಲ್ವಾ?

ಇನ್ನು ‘ರಾಜ್ಯ’. ಮತ ಹಾಕುತ್ತಿದ್ದ ಕಾಲದ ಅಥೆನ್ಸಿನಲ್ಲಿ ಆಳುವ ರಾಜ ಇರಲಿಲ್ಲ, ಸ್ಪಾರ್ಟಾದಲ್ಲಿ ಒಟ್ಟಿಗೇ ಇಬ್ಬರು! ಅದಿರಲಿ, ಈಗ ರಾಜ್ಯ ಅಂದರೆ ನಮ್ಮ ಕಿವಿಗೆ ಬೀಳುವುದು ದೇಶದೊಳಗಿನ ಒಂದು ಭಾಗ ಅಂತ. ಸಿಂಗಪುರ ಹಾಗೆ ಇದ್ದದ್ದು 1963ರಿಂದ 1965ರವರೆಗೆ ಮಾತ್ರ, ಮಲೇಷ್ಯಾದೊಳಗೆ. 1965ರ ಆಗಸ್ಟ್ 9ರಂದು ಬೇರೆಯಾಗಿ ದೇಶವಾಯಿತು, ಅಂಥದ್ದನ್ನು ನಾವು ನಗರರಾಜ್ಯ ಅನ್ನುತ್ತೇವೆ. ವ್ಯಾಟಿಕನ್‌ದೂ ಇದೇ ಕತೆ, ಬರೀ 44 ಹೆಕ್ಟೇರ್, ಆದರೆ 1929ರಿಂದ ಸ್ವತಂತ್ರ. ನಿಜಕ್ಕೂ ಈ ಪದ ಒಪ್ಪುವುದು ಜರ್ಮನಿಯ ಹ್ಯಾಂಬರ್ಗಿಗೆ, ಅದು ನಗರವೂ ಹೌದು, ಒಕ್ಕೂಟದ ರಾಜ್ಯವೂ ಹೌದು. ಬ್ರೆಮೆನ್ ಕೂಡ ಹಾಗೇ ಅನ್ನೋಣ ಅಂದರೆ ಆ ರಾಜ್ಯದಲ್ಲಿ ಎರಡು ನಗರ ಇವೆ, ಬ್ರೆಮೆನ್ ಮತ್ತು ಬ್ರೆಮರ್‌ಹಾಫೆನ್, ಅವೂ ಒಂದಕ್ಕೊಂದು ಅಂಟಿಕೊಂಡಿಲ್ಲ.

ಸದ್ಯಕ್ಕೆ ಈಗಿನವಕ್ಕೆ ‘ನಗರದೇಶ’, ಹಳೆಯವಕ್ಕೆ ‘ಊರುನಾಡು’ ಅಂತ ಬರೆದಿಟ್ಟುಕೊಂಡಿದ್ದೇನೆ. ಮೊದಲನೆಯದನ್ನು ಯಾರಾದರೂ ಬಳಸಿದ್ದು ನೋಡಿದ್ದೀರಾ? ಎರಡನೆಯದರ ಬಗ್ಗೆ ನನಗೇ ಅಳುಕು, ಯಾಕಂದರೆ ಮುಂದಿನ ಅಧ್ಯಾಯ ಸುಮೇರಿನದು (ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಪ್ರಾಚೀನ ನಾಡು). ಅಲ್ಲಿ ‘ಉರ್’ ಅಂತಲೇ ಒಂದು ನಗರರಾಜ್ಯ ಇತ್ತು. ಅದನ್ನು ಊರುನಾಡು ಅಂತ ಬರೆದರೆ, ಉರ್ ಕನ್ನಡದ್ದೇ ಅಂತ ಯಾರಾದರೂ ಸುಮ್ನೆ ಹೊಸ ಸಂಶೋಧನೆ ಶುರುಮಾಡಿಬಿಡುತ್ತಾರೆ.