ಹಿತ್ತಲಿಗೆ ಕಾಡುಮೊಲ ಬರುತ್ತಿದೆ, ನಮ್ಮ ಮೊಲಗಳಿಗೆ ಏನಾದರೂ ಅಂಟುತ್ತಾ?

ಗುಂಡನಮ್ಮ:
ನಮ್ಮ ಮನೆಯಲ್ಲಿ ಎರಡು ಮೊಲ, ಗುಂಡ ಮತ್ತು ಬೆಳ್ಳಿ. ಸಂಜೆ ಒಂದು ಗಂಟೆ ಹಿತ್ತಲಲ್ಲಿ ಬಿಡುತ್ತೇನೆ, ಸುತ್ತ ತಂತಿ ಬಲೆ ಇದೆ. ಹೋದ ವಾರದಿಂದ ಒಂದು ಕಾಡುಮೊಲ ಬರಲು ಶುರು ಮಾಡಿದೆ. ಮೊನ್ನೆ ನೋಡಿದರೆ ಬಲೆಯ ಆಚೆ ಅದು, ಈಚೆ ಗುಂಡ, ಮೂಗಿಗೆ ಮೂಗು ತಾಗಿಸಿಕೊಂಡು ಕೂತಿದ್ದಾರೆ! ಮುದ್ದಾಗಿತ್ತು, ಫೋಟೋನೂ ತೆಗೆದೆ. ನಿನ್ನೆ ಬಲೆಯ ಬುಡದಲ್ಲಿ ಅದರ ಹಿಕ್ಕೆ ಕಂಡಾಗ ಮಾತ್ರ ಎದೆ ಧಸಕ್ಕೆಂದಿತು. ಈಗ ಇಬ್ಬರನ್ನೂ ಒಳಗೇ ಇಟ್ಟಿದ್ದೇನೆ, ಮುಟ್ಟುವ ಮುಂಚೆ ಕೈಗೆ ಸ್ಯಾನಿಟೈಜರ್ ಹಾಕಿಕೊಳ್ಳುತ್ತೇನೆ. ಇಷ್ಟು ಸಾಕಲ್ವಾ?

ಹುಲ್ಲುಕಟ್ಟು:
ಸಾಲದು. ಹೆದರಿಸಲು ಹೇಳುತ್ತಿಲ್ಲ, ನಾನು ಕಲಿತದ್ದೇ ಹಾಗೆ.

ನನ್ನ ಚುಕ್ಕಿ ಒಂದು ದಿನವೂ ಹೊಸಿಲು ದಾಟಿದವಳಲ್ಲ. ಒಂದು ಸಂಜೆ ಸೊಪ್ಪು ಮುಟ್ಟಲಿಲ್ಲ, ಮೂಲೆಯಲ್ಲಿ ಮುದುರಿ ಕೂತಳು. ಹೊಟ್ಟೆ ಕೆಟ್ಟಿರಬೇಕು, ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗೋಣ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಸತ್ತಿದ್ದಳು. ಮೂಗಿನ ಕೆಳಗೆ ಬಿಳಿ ತುಪ್ಪಳದ ಮೇಲೆ ರಕ್ತದ ಸಣ್ಣ ಗೆರೆ, ಅಷ್ಟೇ. ಡಾಕ್ಟರ್ ಲಿವರ್ ತುಣುಕನ್ನು ಲ್ಯಾಬ್‌ಗೆ ಕಳಿಸಿದರು. ಆರ್‌ಎಚ್‌ಡಿ ಎಂದು ಬಂತು. ಮೊಲಗಳಿಗೆ ಒಳಗೇ ರಕ್ತಸ್ರಾವ ಮಾಡುವ ಕಾಯಿಲೆ. ಅದರಲ್ಲೂ ಎರಡನೇ ಬಗೆ, 2010ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಕಂಡದ್ದು.

ಒಳಗೆ ತಂದವನು ನಾನೇ ಇರಬೇಕು. ದಿನಾ ಕಾಲುದಾರಿಯ ಪಕ್ಕದ ಹುಲ್ಲು ಕಿತ್ತು ತರುತ್ತಿದ್ದೆ. ಕಾಡುಮೊಲಗಳು ಮೇಯುವ ಜಾಗ ಅದು. ಅದೇ ಚಪ್ಪಲಿಯಲ್ಲಿ ಮನೆಯೊಳಗೂ ಓಡಾಡುತ್ತಿದ್ದೆ. ಈ ವೈರಸ್ ಒಣಗಿದ ಬಟ್ಟೆಯ ಮೇಲೆ ಮೂರು ತಿಂಗಳಿಗೂ ಹೆಚ್ಚು ಬದುಕುತ್ತದೆ. ಸತ್ತ ಮೊಲದ ಮೇಲೆ ಕೂತ ನೊಣವೂ ಹೊತ್ತು ತರುತ್ತದೆ.

ಸ್ಯಾನಿಟೈಜರ್ ಇದಕ್ಕೆ ಲೆಕ್ಕಕ್ಕಿಲ್ಲ. ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ಕೈ ತೊಳೆಯಿರಿ. ನೆಲ, ಬಟ್ಟಲು, ಗೂಡಿಗೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು. ಮೊದಲು ಕೊಳೆ ತೊಳೆದು, ಆಮೇಲೆ ಹಚ್ಚಿ, ಹತ್ತು ನಿಮಿಷ ಒದ್ದೆಯಾಗೇ ಬಿಡಬೇಕು. ಸುಮ್ನೆ ಒರೆಸಿ ಬಿಟ್ಟರೆ ಪ್ರಯೋಜನವಿಲ್ಲ. ಚೆನ್ನಾಗಿ ಜಾಲಾಡಿ ಒಣಗಿಸಿದ ಮೇಲೇ ಮೊಲ ಬಿಡಿ. ಹೊರಗಿನ ಚಪ್ಪಲಿ ಬಾಗಿಲಾಚೆಯೇ ಇರಲಿ.

ನಾಲ್ಕುಕಿವಿ:
ಮೇಲಿನವರು ಲಸಿಕೆಯನ್ನೇ ಮರೆತರು! ನನ್ನ ಪ್ರಕಾರ ಅದೇ ಮೊದಲು, ಚಪ್ಪಲಿ ಆಮೇಲೆ. ಕೇಳುವಾಗ ‘ಎರಡನೇ ಬಗೆಗೂ ಆಗುತ್ತಾ’ ಎಂದು ಬಿಡಿಸಿ ಕೇಳಿ. ಹಳೇ ಲಸಿಕೆ ಹಳೇ ಬಗೆಗೆ ಮಾತ್ರ ಎಂದುಕೊಳ್ಳಿ. ಚುಚ್ಚಿದ ಮಾರನೇ ದಿನವೇ ರಕ್ಷಣೆ ಬಂದುಬಿಡುವುದಿಲ್ಲ, ಕೆಲವಕ್ಕೆ ಎರಡು ಡೋಸ್ ಬೇಕು.

ಇನ್ನೊಂದು ಮಿಕ್ಸೊಮಟೋಸಿಸ್. ಸೊಳ್ಳೆ, ಚಿಗಟ ಕಚ್ಚಿ ಬರುತ್ತದೆ, ಕಣ್ಣಿನ ರೆಪ್ಪೆ ಊದಿ ಕೀವು ಕಟ್ಟುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಡುಮೊಲ ಕಡಿಮೆ ಮಾಡಲೆಂದೇ 1950ರಲ್ಲಿ ಬೇಕಂತಲೇ ಹರಡಿಸಿದ ಕಾಯಿಲೆ ಇದು. ಕಿಟಕಿಗೆ ಸೊಳ್ಳೆ ಪರದೆ ಹಾಕಿ. ಚಿಗಟಕ್ಕೆಂದು ನಾಯಿ ಔಷಧ ಮಾತ್ರ ಹಚ್ಚಬೇಡಿ, ಫಿಪ್ರೊನಿಲ್ ಇರುವುದು ಮೊಲದ ಪ್ರಾಣಕ್ಕೇ ಕುತ್ತು.

ಬಲೆಗೆ ಎರಡಡಿ ಆಚೆ ಇನ್ನೊಂದು ಬಲೆ ಕಟ್ಟಿದರೆ ಮೂಗು ತಾಗುವುದಿಲ್ಲ. ಸತ್ತ ಕಾಡುಮೊಲ ಸಿಕ್ಕರೆ ಬರಿಗೈಯಲ್ಲಿ ಎತ್ತಬೇಡಿ. ಆರ್‌ಎಚ್‌ಡಿ ನಮಗೆ ಬರುವುದಿಲ್ಲ, ಆದರೆ ಮೊಲಗಳಿಂದ ಮನುಷ್ಯರಿಗೂ ಅಂಟುವ ಟುಲರೀಮಿಯಾ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಬರುತ್ತದೆ.

ಗುಂಡನಮ್ಮ:
ಚುಕ್ಕಿಯ ವಿಷಯ ಓದಿ ಸಂಕಟವಾಯಿತು. ಬರೆದಿದ್ದಕ್ಕೆ ಥ್ಯಾಂಕ್ಸ್.

ನಾನೂ ಹಿತ್ತಲ ಹುಲ್ಲನ್ನೇ ಕಿತ್ತು ಹಾಕುತ್ತಿದ್ದೆ. ಇವತ್ತು ಬುಟ್ಟಿ ಸಮೇತ ಎಸೆದೆ. ಡಾಕ್ಟರ್‌ಗೆ ಫೋನ್ ಮಾಡಿದೆ, ಎರಡನೇ ಬಗೆಗೂ ಆಗುವ ಲಸಿಕೆ ತರಿಸುತ್ತಾರಂತೆ, ಗುರುವಾರ ಬರಲು ಹೇಳಿದರು. ಅಲ್ಲಿಯವರೆಗೆ ಹಿತ್ತಲು ಬಂದ್. ಗುಂಡ ಈಗ ಬಾಗಿಲಿಗೆ ಬೆನ್ನು ಹಾಕಿ ಕೂತು ನೆಲಕ್ಕೆ ಹಿಂಗಾಲು ಬಡಿಯುತ್ತಿದ್ದಾನೆ. ಬಡಿಯಲಿ.

ಹುಲ್ಲುಕಟ್ಟು:
ಈ ವಾರ ಇಬ್ಬರ ಊಟದ ಮೇಲೆ ಕಣ್ಣಿಡಿ. ತಿನ್ನುವುದು ನಿಲ್ಲಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಡಾಕ್ಟರ್‌ಗೆ ಫೋನ್ ಮಾಡಿ.