ಪಿಡಿಎಫ್‌ನಲ್ಲಿ ಇರುವ ಗೆರೆ ಪ್ರಿಂಟ್‌ನಲ್ಲಿ ಯಾಕೆ ಬರುತ್ತಿಲ್ಲ?

ಪ್ರಶ್ನೆ:
ದಾವಣಗೆರೆಯಲ್ಲಿ ಮನೆ ಪ್ಲಾನ್ ಮಾಡಿಕೊಡುತ್ತೇನೆ. ವಿದ್ಯಾನಗರದ 30–40 ಸೈಟಿನ ಡ್ರಾಯಿಂಗನ್ನು ಆಟೋಕ್ಯಾಡ್ (ನಕ್ಷೆ ಬಿಡಿಸುವ ಸಾಫ್ಟ್‌ವೇರ್) ನಿಂದ ಎ1 ಪಿಡಿಎಫ್ ಮಾಡಿ, ಎ3 ಕಾಗದಕ್ಕೆ ಪ್ರಿಂಟ್ ಹಾಕಿಸಿದೆ. ಕಂಪ್ಯೂಟರಿನಲ್ಲಿ ಎಲ್ಲಾ ಕಾಣುತ್ತದೆ. ಕಾಗದದಲ್ಲಿ ಮೆಟ್ಟಿಲಿನ ಅಳತೆಗಳೇ ಇಲ್ಲ, ಸಂಪಿನ ಹ್ಯಾಚ್ (ಒಳಗೆ ತುಂಬಿದ ಗೆರೆಗಳು) ಕೂಡ ಮಾಯ. ಮೇಸ್ತ್ರಿ ಫೋನ್ ಮಾಡಿ "ಸರ್, ಮೆಟ್ಲು ಎಷ್ಟಗಲ ಬಿಡ್ಬೇಕ್ರಿ?" ಅಂದಾಗ ಎದೆ ಧಸಕ್ ಅಂತು. ನಾಳೆ ಸೆಂಟ್ರಿಂಗ್ ಇದೆ. ದಯವಿಟ್ಟು ಹೇಳಿ.

ಉತ್ತರ 1:
ಎ1 ಅನ್ನು ಎ3ಗೆ ಇಳಿಸಿದರೆ ಗೆರೆಯ ದಪ್ಪವೂ ಅರ್ಧ ಆಗುತ್ತದೆ. 0.13 ಮಿ.ಮೀ. ಇದ್ದದ್ದು 0.065. ಅಳತೆಗಳು ಹಳದಿ ಬಣ್ಣದಲ್ಲಿವೆಯಾ? ಕಪ್ಪು-ಬಿಳುಪು ಪ್ರಿಂಟರ್ ಹಳದಿಯನ್ನು ತೀರಾ ತಿಳಿ ಬೂದಿ ಮಾಡುತ್ತದೆ. ಆಟೋಕ್ಯಾಡ್‌ನಲ್ಲಿ ಪ್ಲಾಟ್ (ಪ್ರಿಂಟ್) ಮಾಡುವಾಗ ಮೊನೊಕ್ರೋಮ್ ಸಿಟಿಬಿ, ಅಂದರೆ ಎಲ್ಲಾ ಬಣ್ಣವನ್ನೂ ಕಪ್ಪಾಗಿ ಪ್ರಿಂಟ್ ಮಾಡಿಸುವ ಸೆಟ್ಟಿಂಗ್ ಫೈಲ್, ಆರಿಸಿ. ಕಾಗದವನ್ನೂ ಅಲ್ಲೇ ಎ3 ಮಾಡಿ.

ಉತ್ತರ 2:
ಡೆಫ್‌ಪಾಯಿಂಟ್ಸ್ ಲೇಯರ್ (ಇದರಲ್ಲಿ ಇರುವುದನ್ನು ಆಟೋಕ್ಯಾಡ್ ಪ್ರಿಂಟ್ ಮಾಡುವುದಿಲ್ಲ) ಅಂತ ಸುಮ್ನೆ ಹುಡುಕಬೇಡಿ. ಹಾಗಿದ್ದಿದ್ದರೆ ಪಿಡಿಎಫ್‌ನಲ್ಲೂ ಬರುತ್ತಿರಲಿಲ್ಲ, ಅಲ್ವಾ? ಹ್ಯಾಚ್‌ಗೆ ಅಕ್ರೊಬ್ಯಾಟ್ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ, 'ಪ್ರಿಂಟ್ ಆ್ಯಸ್ ಇಮೇಜ್' ಟಿಕ್ ಮಾಡಿ ನೋಡಿ. ಸ್ವಲ್ಪ ನಿಧಾನ, ಆದರೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಹೌದು, ಅಳತೆಗಳು ಹಳದಿಯಲ್ಲೇ ಇದ್ದವು! ಸಿಟಿಬಿ ಬದಲಿಸಿದೆ, ಗೆರೆ ಬಂತು. ಇಮೇಜ್ ಮಾಡಿದ ಮೇಲೆ ಹ್ಯಾಚೂ ಬಂತು. ಹೊಸ ಪ್ರಿಂಟ್ ಹಿಡಿದು ಈಗಲೇ ಸೈಟಿಗೆ ಹೊರಟೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.