ಕಾಂಬೊ ಕೋಲಾ, ಬೆಳಗಿನ ಐದು ಗ್ಲಾಸ್ ನೀರು: ಕಿಡ್ನಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ನೀರು ಮತ್ತು ಹೊರಗಿನ ತಿಂಡಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕಿರಣ್: ಬರ್ಗರ್ ಕಾಂಬೊದಲ್ಲಿ ಕೋಲಾ ಬದಲು ನೀರು ಕೊಡಿ ಅಂದ್ರೆ ‘ಸಿಸ್ಟಮ್‌ನಲ್ಲಿ ಆಗಲ್ಲ’ ಅಂತಾರೆ. ಐಸ್ ಬೇಡ ಅಂದ್ರೆ ಮುಕ್ಕಾಲು ಕಪ್ ಕೋಲಾ. ಏನ್ ಮಾಡೋದು ಮೇಡಂ?

ಡಾಕ್ಟರ್: ಕಾಂಬೊ ಒತ್ತಲೇಬೇಡಿ. ಬರ್ಗರ್, ಫ್ರೈಸ್ ಬಿಡಿಬಿಡಿಯಾಗಿ ಸೇರಿಸಿ ಮೊತ್ತ ನೋಡಿ. ಇನ್ನು ಕಪ್ ಪೂರ್ತಿ ತುಂಬಿಸಿದರೆ ನಷ್ಟ ನಿಮಗೇ: 500 ಮಿಲಿ ಕೋಲಾದಲ್ಲಿ ಸುಮಾರು ಹತ್ತು ಟೀ ಚಮಚ ಸಕ್ಕರೆ. 10 ಅಥವಾ ಹೆಚ್ಚು ಶಾಖೆ ಇರುವವರು ಮೆನುವಿನಲ್ಲಿ ಕ್ಯಾಲೊರಿ ಹಾಕಲೇಬೇಕು, ಅದನ್ನೂ ಓದಿ.

ಮಂಜು: ಅದೇ ಅಂಗಡೀಲಿ ನೀರಿನ ಬಾಟಲ್‌ಗೆ 60 ರೂಪಾಯಿ! ಎಂಆರ್‌ಪಿ ಮೀರೋದು ಕಾನೂನುಬಾಹಿರ, ಕಂಪ್ಲೇಂಟ್ ಹಾಕಿ.

ಶ್ವೇತಾ: ತಪ್ಪು. ಹೋಟೆಲ್, ರೆಸ್ಟೋರೆಂಟ್‌ಗಳು ಎಂಆರ್‌ಪಿಗಿಂತ ಜಾಸ್ತಿ ತಗೋಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬರೀ ಬಾಟಲ್ ಅಲ್ಲ, ಸೇವೆಯೂ ಸೇರಿದೆ ಅನ್ನೋದು ವಾದ.

ಮಂಜು: ಯಾವ ಸೇವೆ? ಸ್ಕ್ರೀನ್ ಒತ್ತೋದು ನಾವು, ಟ್ರೇ ಹೊರೋದು ನಾವು, ಟೇಬಲ್ ಒರೆಸೋದೂ ನಾವೇ.

ರೇಖಾ: ಅಮ್ಮನಿಗೆ 68. ಬಿಪಿಗೆ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಇರೋ ಮಾತ್ರೆ. ಫಾರ್ವರ್ಡ್ ಓದಿ ಬೆಳಗ್ಗೆ ಖಾಲಿ ಹೊಟ್ಟೆಗೆ ಐದು ಗ್ಲಾಸ್, ದಿನಕ್ಕೆ ನಾಲ್ಕೂವರೆ ಲೀಟರ್ ಕುಡೀತಿದ್ದಾರೆ. ಉಪ್ಪು ಬಿಟ್ಟಿದ್ದಾರೆ. ಎರಡು ದಿನದಿಂದ ತಲೆನೋವು, ವಾಕರಿಕೆ, ಕೇಳಿದ್ದನ್ನೇ ಕೇಳ್ತಾರೆ. ನೀರು ಕಮ್ಮಿಯಾಯ್ತಾ?

ಡಾಕ್ಟರ್: ರೇಖಾ, ಕಮ್ಮಿಯಲ್ಲ, ಹೆಚ್ಚಾಗಿರಬಹುದು. ಇವತ್ತೇ ರಕ್ತದ ಸೋಡಿಯಂ (ಉಪ್ಪಿನಂಶ) ನೋಡಿಸಿ. 135ರಿಂದ 145 ಇರಬೇಕು. ಆ ಮಾತ್ರೆಯಲ್ಲಿರೋ ಥಯಜೈಡ್, ಅಂದ್ರೆ ಮೂತ್ರ ಹೆಚ್ಚಿಸೋ ಔಷಧ, ಮೂತ್ರದಲ್ಲಿ ಸೋಡಿಯಂ ಹೊರಗೆ ಕಳಿಸುತ್ತೆ, ಜೊತೆಗೆ ಹೆಚ್ಚಿನ ನೀರನ್ನು ಹೊರಹಾಕೋ ಕಿಡ್ನಿಯ ಶಕ್ತಿಯನ್ನೂ ತಗ್ಗಿಸುತ್ತೆ. ವಯಸ್ಸಾದವರಲ್ಲಿ ಆ ಶಕ್ತಿ ಮೊದಲೇ ಕಮ್ಮಿ. ಉಪ್ಪು ಬಿಟ್ಟು, ಊಟ ಕಮ್ಮಿ ಮಾಡಿ ಬರೀ ನೀರು ಸುರಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತೆ, ನೀರು ಮಿದುಳಿನ ಜೀವಕೋಶಗಳಿಗೆ ನುಗ್ಗಿ ಊತ ಬರುತ್ತೆ. ತಲೆನೋವು, ಗೊಂದಲ ಅಲ್ಲಿಂದಲೇ ಇರಬಹುದು. ಆಮೇಲಿನದು ಮಂಪರು, ಫಿಟ್ಸ್. ಬಲವಂತದ ನೀರು ಈಗಲೇ ನಿಲ್ಲಿಸಿ. ಮುಂದಿನ ಮಾತ್ರೆ ಕೊಡುವ ಮುನ್ನ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದೇ ಹೋಗಿ.

ಪ್ರಕಾಶ್: ಒಂದು ಲೋಟ ಉಪ್ಪುನೀರು ಕುಡಿಸಿದ್ರೆ ಸರಿಹೋಗಲ್ವಾ?

ಡಾಕ್ಟರ್: ಬೇಡವೇ ಬೇಡ. ವಾಂತಿಯಾಗಬಹುದು. ಸೋಡಿಯಂ ಸರಸರ ಏರಿದರೂ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಆಸ್ಪತ್ರೆಯಲ್ಲೂ ಮತ್ತೆ ಮತ್ತೆ ರಕ್ತ ನೋಡಿಕೊಂಡು ಅಳತೆಯಲ್ಲಿ ಏರಿಸ್ತಾರೆ.

ವೆಂಕಟೇಶ್: ಊಟದ ಮಧ್ಯೆ ನೀರು ಕುಡಿದ್ರೆ ಜೀರ್ಣ ಆಗಲ್ವಂತೆ?

ಡಾಕ್ಟರ್: ಆಗುತ್ತೆ. ಕುಡೀರಿ.

ಸುಮಾ: ದಿನಕ್ಕೆ ಎಂಟು ಗ್ಲಾಸ್ ಕಡ್ಡಾಯನಾ?

ಡಾಕ್ಟರ್: ಇಲ್ಲ. ಆರೋಗ್ಯವಂತರಿಗೆ ಬಾಯಾರಿಕೆಯೇ ಲೆಕ್ಕ. ಸಾರು, ಮಜ್ಜಿಗೆ, ಕಾಫಿ ಎಲ್ಲ ಸೇರುತ್ತೆ. ಕಿಡ್ನಿ ಕಲ್ಲು ಇದ್ದವರು ಹೆಚ್ಚು ಕುಡೀಬೇಕು, ಹಾರ್ಟ್ ಫೇಲ್ಯೂರ್ ಇದ್ದವರು ಡಾಕ್ಟರ್ ಹೇಳಿದಷ್ಟೇ.

ನವೀನ್: ಆಲ್ಕಲೈನ್ ನೀರಿನ ಮಷಿನ್ ತಗೋಬಹುದಾ?

ಪ್ರಕಾಶ್: ತಾಮ್ರದ ಚೊಂಬಲ್ಲಿ ರಾತ್ರಿಯಿಡೀ ನಿಂಬೆ ನೀರು ಇಟ್ಟು ಕುಡಿದ್ರೆ ಕಿಡ್ನಿ ಕ್ಲೀನ್! ಎಲ್ಲರಿಗೂ ಶೇರ್ ಮಾಡಿ 🙏

ಡಾಕ್ಟರ್: ಯಾರಿಗೂ ಶೇರ್ ಮಾಡಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತೆ. ಹೊಟ್ಟೆನೋವು, ವಾಂತಿ ಬರಬಹುದು. ಬರೀ ನೀರು ಇಡಿ, ಬೇಡ ಅನ್ನಲ್ಲ. ಇನ್ನು ಕಿಡ್ನಿ ಕೆಟ್ಟವರಿಗೆ ಎಳನೀರು ಹಿಡಿಸೋ ಪುಣ್ಯಾತ್ಮರೂ ಕೇಳಿ: ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಹುದು.

ಪ್ರಕಾಶ್: ನಮ್ಮ ಹಿರಿಯರೇನು ದಡ್ಡರಾ?

ಶ್ವೇತಾ: ಹಿರಿಯರು ವಾಟ್ಸಾಪ್ ನೋಡಿ ಕುಡೀತಿರಲಿಲ್ಲ.

ಮಂಜು: ಅಂದ ಹಾಗೆ 60 ರೂಪಾಯಿ ಬಾಟಲ್ ಮೇಲೂ 60 ಅಂತಲೇ ಅಚ್ಚು ಹಾಕಿದ್ರು. ಹೊರಗಡೆ ಅದೇ ಬ್ರಾಂಡ್ 20.

ಶ್ವೇತಾ: ಹಾಗೆ ಮೊದಲೇ ಹೇಳಬಾರದಾ? ಅದೇ ನೀರಿಗೆ ಎರಡು ಎಂಆರ್‌ಪಿ ಅಚ್ಚು ಹಾಕೋ ಹಾಗಿಲ್ಲ. ಕಂಪ್ಲೇಂಟ್ ಬಾಟಲ್ ಕಂಪನಿ ಮೇಲೆ ಹಾಕಿ, ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಇಲಾಖೆಗೆ.

ಸುರೇಶ್: ಮೇಡಂ, ದಿನಕ್ಕೆ ಎಷ್ಟು ಲೀಟರ್ ಕುಡೀಬೇಕು?

ಡಾಕ್ಟರ್: ಮೇಲೆ ಓದಿ.

ರೇಖಾ: ಲ್ಯಾಬ್‌ನವರು ರಿಪೋರ್ಟ್ ನಾಳೆ ಅಂತಿದ್ದಾರೆ. ಅಮ್ಮ ಈಗಷ್ಟೇ ಮಲಗಿದ್ದಾರೆ.

ಡಾಕ್ಟರ್: ನಾಳೆವರೆಗೆ ಕಾಯಬೇಡಿ. ಎಬ್ಬಿಸಿ, ಹೆಸರು ಕೇಳಿ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೊರಡಿ. ಅಲ್ಲಿ ರಿಪೋರ್ಟ್ ಬೇಗ ಸಿಗುತ್ತೆ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ 108ಕ್ಕೆ ಕರೆ ಮಾಡಿ.